ಬಾರ್ಬೆಲ್‌ಗೆ ಕೋಲು ಕೊಳ್ಳುವ ಮೊದಲು

ಚಿರಂಜೀವಿ ಸುಹಾಸನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಂಗ್ಲೆಂಡಿನ ರೆಡಿಂಗ್‌ನ ಹೊಸ ಮನೆಯಿಂದ ಕೆನೆಟ್ ಹೊಳೆಗೆ ನಡೆದೇ ಹೋಗಬಹುದು, ಬಾರ್ಬೆಲ್ ಮೀನು ಹಿಡಿಯಲು 3 ಪೌಂಡಿನ ಕಾರ್ಪ್ ಮೀನಿನ ಕೋಲು (ರಾಡ್) ಎರಡು, ಮೀನು ಕಚ್ಚಿದರೆ ಕೂಗುವ ಅಲಾರಂ ಎರಡು ತಗೊಳ್ಳುತ್ತೇನೆ ಅಂತ ಬರೆದಿದ್ದೀಯ. ದುಡ್ಡು ಕೊಡುವ ಮುಂಚೆ ಇದನ್ನು ಓದು. ಆ ಕೋಲು ದೊಡ್ಡ ಕೆರೆಗಳಲ್ಲಿ ಭಾರದ ಸೀಸವನ್ನು ಬಹು ದೂರ ಎಸೆಯುವವರಿಗೆ. ಕೆನೆಟ್‌ನಲ್ಲಿ ನೀನು ಎಸೆಯುವುದು ಹೆಚ್ಚೆಂದರೆ ಹತ್ತು ಹದಿನೈದು ಗಜ.

ಕೋಲಿನ ಮೇಲೆ ಬರೆದ ಪೌಂಡಿಗೂ ಮೀನಿನ ತೂಕಕ್ಕೂ ಸಂಬಂಧವಿಲ್ಲ. ಬುಡ ಅಲುಗದಂತೆ ಹಿಡಿದಾಗ ತುದಿ 90 ಡಿಗ್ರಿ ಬಾಗಲು ಎಷ್ಟು ಭಾರ ಬೇಕೋ ಅದು ಆ ಸಂಖ್ಯೆ. ಟೆಸ್ಟ್ ಕರ್ವ್ ಅನ್ನುತ್ತಾರೆ. ಎಷ್ಟು ಪೌಂಡಿನ ಕೋಲು ಬೇಕು ಅಂತ ತೀರ್ಮಾನಿಸುವುದು ಹೊಳೆಯ ಸೆಳೆತ. ಎರೆ ತಳದಲ್ಲಿ ಕದಲದೆ ನಿಲ್ಲಲು ಎಷ್ಟು ಸೀಸ ಬೇಕು, ಅದನ್ನು ಎಸೆಯಲು ಎಂಥ ಕೋಲು ಬೇಕು ಅಂತ ಹಿಂದಿನಿಂದ ಲೆಕ್ಕ ಹಾಕು. ಕೆನೆಟ್, ಲಾಡನ್‌ನಂಥ ಸಣ್ಣ ಹೊಳೆಗೆ 1ರಿಂದ 2 ಔನ್ಸ್ ಸಾಕು. 11 ಅಡಿಯ, 1.25 ಅಥವಾ 1.5 ಪೌಂಡಿನ ಕೋಲು ತಗೋ. ಸೆವರ್ನ್, ವೈ ನದಿಗಳಿಗೆ ಹೋಗುವುದಾದರೆ 12 ಅಡಿ, 1.75 ಪೌಂಡ್. ತುಂಬಿ ಹರಿಯುವ ಟ್ರೆಂಟ್‌ನಲ್ಲಿ ಮಾತ್ರ 4 ಔನ್ಸಿಗೂ ಮೀರಿದ ಫೀಡರ್ (ಮೀನಿಗೆ ತಿನಿಸು ತುಂಬಿ ಬಿಡುವ, ಸೀಸ ಕಟ್ಟಿದ ಪುಟ್ಟ ಗೂಡು) ಎಸೆಯಬೇಕಾಗುತ್ತದೆ. ಅಲ್ಲಿಗೆ 2 ಪೌಂಡ್ ಅಥವಾ ತುಸು ಹೆಚ್ಚು.

ಗಡುಸು ಕೋಲಿನ ತೊಂದರೆ ಕಾಣುವುದು ಕೊನೆಯ ಗಳಿಗೆಯಲ್ಲಿ. ಬಾರ್ಬೆಲ್ ಬಲೆಯ ಹತ್ತಿರ ಬಂದ ಮೇಲೂ ತಳಕ್ಕೆ ನುಗ್ಗುತ್ತದೆ. ಕೋಲು ಬಾಗದಿದ್ದರೆ ಆ ಜಗ್ಗೆಲ್ಲ ಗಾಳದ ಮೇಲೆ ಬಿದ್ದು, ಬಾಯಿ ಹರಿದು ಗಾಳ ಕಳಚುತ್ತದೆ, ಇಲ್ಲವೇ ದಾರ ತುಂಡಾಗುತ್ತದೆ. ತೀರಾ ಮೆತ್ತಗಿದ್ದರೆ ಮೀನು ಮರದ ಬೇರಿಗೋ ನೀರಿನ ಕಳೆಗೋ ಹೊಕ್ಕುಬಿಡುತ್ತದೆ. ಅಂಗಡಿಯಲ್ಲೇ ರೀಲ್ ಹಾಕಿಸಿ, ಉಂಗುರಗಳಲ್ಲಿ ದಾರ ಪೋಣಿಸಿ, ತುದಿಯನ್ನು ಅಂಗಡಿಯವನ ಕೈಗೆ ಕೊಟ್ಟು ನಿಧಾನವಾಗಿ ಎಳೆದು ನೋಡು. ಬಾಗು ತುದಿಯಿಂದ ಶುರುವಾಗಿ ನಡುವಿಗೆ, ಅಲ್ಲಿಂದ ಹಿಡಿಯ ಕಡೆಗೆ ಇಳಿಯುತ್ತ ಬರಬೇಕು. ತುದಿ ಮಾತ್ರ ಬಾಗಿ ಉಳಿದದ್ದು ನೆಟ್ಟಗೆ ನಿಂತರೆ ಬಿಟ್ಟುಬಿಡು. ಬದಲಿಸಿ ಹಾಕಬಹುದಾದ ಎರಡು ತುದಿ ಇರುವ ಏವನ್ ಕೋಲು (ಹೊಳೆಗೆ ಬಳಸುವ ಒಂದು ಬಗೆ) ಸಿಕ್ಕರೆ ಒಳ್ಳೆಯದು: ಒಂದು ಸಾದಾ, ಇನ್ನೊಂದಕ್ಕೆ ಕ್ವಿವರ್ ಟಿಪ್, ಅಂದರೆ ಸಣ್ಣ ಎಳೆತಕ್ಕೂ ಬಾಗುವ ತೆಳು ತುದಿ.

ದಾರ 10 ಪೌಂಡ್ ಎಳೆತ ತಡೆಯುವಂಥದು, ದೊಡ್ಡ ಹೊಳೆಗೆ 12. ಹೇರ್ ರಿಗ್‌ನಲ್ಲಿ (ಎರೆಯನ್ನು ಗಾಳಕ್ಕೆ ಚುಚ್ಚದೆ ಪಕ್ಕದ ಎಳೆಗೆ ಕಟ್ಟುವ ಕ್ರಮ) 8 ಮಿ.ಮೀ. ಪೆಲೆಟ್, ಅಂದರೆ ಮೀನಿನ ತಿನಿಸಿನ ಗುಳಿಗೆ, ಕಟ್ಟಿದರೆ 10ನೇ ನಂಬರ್ ಗಾಳ, ಲಂಚನ್ ಮೀಟ್ (ಡಬ್ಬಿಯ ಮಾಂಸ) ತುಂಡಾದರೆ ಅದಕ್ಕಿಂತ ದೊಡ್ಡದಾದ 6ನೇ ನಂಬರ್. ಒಂದು ಔನ್ಸ್ ತನಕದ ಸೀಸದ ಗುಂಡುಗಳನ್ನು, ಧೂಳಿನಷ್ಟು ಸಣ್ಣವು ಬಿಟ್ಟು, ಹಂಸಗಳಿಗೆ ವಿಷವೆಂದು 1987ರಲ್ಲೇ ನಿಷೇಧಿಸಿದ್ದಾರೆ. ಹಗುರದವನ್ನು ಬೇರೆ ಲೋಹದ್ದೇ ಕೊಳ್ಳು.

ಇನ್ನು ಮೀನು ಕಚ್ಚಿದ್ದು ತಿಳಿಯುವ ವಿಷಯ. ಮೊದಲ ವರ್ಷ ಅಲಾರಂ ಬೇಡ. ಕೋಲನ್ನು ಸೀಸ ಬಿದ್ದ ಕಡೆಗೇ ಗುರಿ ಮಾಡಿ ಕೈಯಲ್ಲಿ ಹಿಡಿ. ರೀಲಿಗೂ ಮೊದಲ ಉಂಗುರಕ್ಕೂ ನಡುವಿನ ದಾರವನ್ನು ತೋರುಬೆರಳ ತುದಿಯ ಮೇಲೆ ಹಾಯಿಸಿಕೋ, ಜಗ್ಗಬೇಡ, ಸಡಿಲವೂ ಬೇಡ. ಸೀಸ ನೊರಜುಗಲ್ಲಿನ ಮೇಲೆ ಉರುಳುವುದು ಬೆರಳಿಗೆ ಗರಗರ ಅಂತ ತಿಳಿಯುತ್ತದೆ, ಕಳೆ ತಾಗಿದರೆ ಮೆತ್ತಗೆ ಭಾರವಾಗುತ್ತದೆ. ಇವೆರಡೂ ಗುರುತಾದ ಮೇಲೆ ಮೂರನೆಯದು, ಮೀನು ಮುಟ್ಟಿದ್ದು, ತಾನೇ ಬೇರೆಯಾಗಿ ಕಾಣುತ್ತದೆ. ಚಬ್ ಮೀನಾದರೆ ಟಕ್ ಟಕ್ ಅಂತ ಚಿಕ್ಕ ಹೊಡೆತ. ಅದಕ್ಕೆಲ್ಲ ಕೋಲು ಎತ್ತಬೇಡ. ಬಾರ್ಬೆಲ್‌ನ ಪಕ್ಕೆಗೆ ದಾರ ಸವರಿದಾಗಲೂ ನಡುಗುತ್ತದೆ, ಆಮೇಲೆ ಸುಮ್ಮನಾಗುತ್ತದೆ. ನಿಜವಾಗಿ ಕಚ್ಚಿದರೆ ಎಳೆತ ನಿಲ್ಲುವುದೇ ಇಲ್ಲ. ಕೋಲಿನ ತುದಿ ಒಂದೇ ಸಲಕ್ಕೆ ಎರಡು ಮೂರು ಅಡಿ ಬಾಗಿ ಹಾಗೇ ಹೋಗುತ್ತಿರುತ್ತದೆ. ಆಗ ಜೋರಾಗಿ ಹೊಡೆದೆತ್ತುವ ಅಗತ್ಯವಿಲ್ಲ, ಗಟ್ಟಿಯಾಗಿ ಹಿಡಿದರೆ ಸಾಕು.

ಹೊಳೆಯ ಮೇಲ್ಗಡೆಗೆ ಎಸೆದಾಗ ಇದೆಲ್ಲ ತಿರುವುಮುರುವು. ಮೀನು ಎರೆ ಹಿಡಿದು ಸೀಸ ಕಿತ್ತುಕೊಂಡು ನಿನ್ನ ಕಡೆಗೇ ಬರುತ್ತದೆ, ಬಾಗಿದ್ದ ತುದಿ ನೆಟ್ಟಗಾಗಿ ದಾರ ಜೋಲುತ್ತದೆ. ಬೇಗ ಸುತ್ತಿ ಸಡಿಲ ತೆಗೆದು ಆಮೇಲೆ ಎತ್ತು. ಕೆಳಗಡೆಗೆ ಎಸೆದರೆ ಒಂದೆರಡು ಗಜ ದಾರ ಹೆಚ್ಚು ಬಿಡು; ನೀರಲ್ಲಿ ಅದು ಬಿಲ್ಲಿನಂತೆ ಬಾಗಿ ನಿಂತಾಗ ಕಡಿಮೆ ಸೀಸವೇ ನಿಲ್ಲುತ್ತದೆ. ಟ್ರೆಂಟ್‌ನಲ್ಲಿ ತರಗೆಲೆ, ಕಸ ತೇಲಿ ಬರುವುದರಿಂದ ಕೋಲಿನ ತುದಿಯನ್ನು ಆಕಾಶದ ಕಡೆಗೆ ಎತ್ತರದಲ್ಲಿಡುತ್ತಾರೆ, ಆದಷ್ಟು ದಾರ ನೀರಿನಿಂದ ಹೊರಗಿರಲಿ ಅಂತ. ತುದಿ ಮೆಲ್ಲಗೆ ಬಾಗುತ್ತ ಹೋಗಿ ಸೀಸ ಜಾರಿದೊಡನೆ ಹಿಂದಕ್ಕೆ ಚಿಮ್ಮಿದರೆ ಅದು ಕಸದ ಕೆಲಸ.

ಕತ್ತಲಾದ ಮೇಲೆ ತುದಿಗೆ ಬೀಟಾಲೈಟ್ (ತಾನೇ ಮಿನುಗುವ ಪುಟ್ಟ ಕೊಳವೆ) ಕಟ್ಟಿಕೋ. ಕೋಲನ್ನು ಆಸರೆಗೆ ಇಟ್ಟರೆ ರೀಲಿನ ಫ್ರೀಸ್ಪೂಲ್ (ಮೀನು ಎಳೆದರೆ ದಾರ ಸಲೀಸಾಗಿ ಬಿಡುವ ಏರ್ಪಾಡು) ತೆರೆದೇ ಇರಲಿ, ಕೈಗೆ ಎಟುಕುವಷ್ಟು ಹತ್ತಿರ ಕೂತಿರು. ಚಹಾ ತರುವುದಕ್ಕೂ ಹಾಗೇ ಬಿಟ್ಟು ಹೋಗಬೇಡ, ಕೋಲು ಹೊಳೆ ಪಾಲಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ಮೀನು ದಾರ ಎಳೆದುಕೊಂಡು ಯಾವುದೋ ಬೇರಿಗೆ ಸಿಕ್ಕಿಬೀಳುತ್ತದೆ.

ಮೀನಿನ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ನಮ್ಮ ಕಾವೇರಿಯ ಬಿಳಿಮೀನಿನ (ಮಹಶೀರ್) ಕುಲದ್ದೇ ಇದು, ಅದರಂತೆ ನಾಲ್ಕು ಮೀಸೆ, ಅದರಂತೆ ಶಕ್ತಿ ಪೂರ್ತಿ ಮುಗಿಯುವ ತನಕ ಹೋರಾಡುತ್ತದೆ. ಬೆಚ್ಚಗಿನ ಬೇಸಿಗೆ ನೀರಲ್ಲಿ ಆಮ್ಲಜನಕ ಕಡಿಮೆ, ಸುಧಾರಿಸಿಕೊಳ್ಳಲು ಹೊತ್ತು ಬೇಕು. ಗಾಳ ತೆಗೆದು, ಬಲೆಯೊಳಗೇ ಮುಖ ಸೆಳೆತಕ್ಕೆ ಎದುರಾಗಿ ನೆಟ್ಟಗೆ ಹಿಡಿದಿರು. ತಾನಾಗಿ ಬಾಲ ಬಡಿದು ಹೊರಟರೆ ಮಾತ್ರ ಬಿಡು. ಕೀಪ್‌ನೆಟ್‌ನಲ್ಲಿ (ಹಿಡಿದ ಮೀನನ್ನು ನೀರಲ್ಲೇ ಇಟ್ಟುಕೊಳ್ಳುವ ಉದ್ದ ಬಲೆ) ಹಾಕಲೇಬೇಡ, ಬೆನ್ನು ರೆಕ್ಕೆಯ ಗರಗಸದಂಥ ಮುಳ್ಳು ಬಲೆಗೆ ಸಿಕ್ಕಿ ಮುರಿಯುತ್ತದೆ.

ಮಾರ್ಚ್ 15ರಿಂದ ಜೂನ್ 15ರ ತನಕ ಹೊಳೆಯಲ್ಲಿ ಗಾಳ ಹಾಕುವಂತಿಲ್ಲ. ಎನ್ವಿರಾನ್ಮೆಂಟ್ ಏಜೆನ್ಸಿಯ ರಾಡ್ ಲೈಸೆನ್ಸ್ ಒಂದು, ಆ ದಡ ಯಾರದೋ ಅವರ ಅನುಮತಿ ಇನ್ನೊಂದು; ಎರಡೂ ಬೇಕು. ನೀನು ಕೂರಲಿರುವ ಜಾಗದ ಸೆಳೆತ ಎಷ್ಟು, ತಳ ಕಲ್ಲೋ ಕೆಸರೋ, ಎದುರು ದಡದಲ್ಲಿ ಮರವಿದೆಯೋ ಬರೆ. ಸೀಸ ಎಷ್ಟು ಔನ್ಸ್ ಅಂತ ಹೇಳುತ್ತೇನೆ.

ಇಂತಿ ನಿನ್ನ
ದೊಡ್ಡಪ್ಪ