ಹೊಸ ಸದಸ್ಯೆಯನ್ನು ಕರೆಯುವ ಬಗ್ಗೆ

ಕದ್ರಿ ಪಾರ್ಕ್ ವಾಕಿಂಗ್ ಬಳಗದ ಎಲ್ಲರಿಗೂ ನಮಸ್ಕಾರ.

ನಿನ್ನೆ ಚಾ ಕುಡಿಯುವಾಗ, ಟ್ರಾನ್ಸ್ ಮಹಿಳೆಯಾದ ನಮ್ಮ ಹೊಸ ಸದಸ್ಯೆಯ ಬಗ್ಗೆ ಇಬ್ಬರು ‘ಅವನು ಬಂದ’, ‘ಅವನು ಹೇಳಿದ’ ಎಂದರು. ಆ ಸದಸ್ಯೆ ಅಲ್ಲೇ ನಿಂತಿದ್ದರು. ಏನೂ ಹೇಳದೆ ಲೋಟ ಇಟ್ಟು ಹೊರಟರು. ಸಂಜೆ ಫೋನ್ ಮಾಡಿದೆ. “ಮನೆಯವರ ಬಾಯಲ್ಲಿ ‘ಅವಳು’ ಬರಲು ವರ್ಷಗಳೇ ಹಿಡಿದವು. ಒಂದು ‘ಅವನು’ ಕೇಳಿದರೆ ಮತ್ತೆ ಮೊದಲಿಂದ ಶುರು ಮಾಡಿದ ಹಾಗಾಗ್ತದೆ” ಎಂದರು. ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಕನ್ನಡದಲ್ಲಿ ಈ ಕಷ್ಟ ಸ್ವಲ್ಪ ಜಾಸ್ತಿ. ಹೆಸರು ಸರಿಯಾಗಿ ಹೇಳಿದರೂ ಕೊನೆಗೆ ‘ಬಂದ’ ಅಂದರೆ ಮುಗಿಯಿತು. ತುಳುವಿನಲ್ಲೂ ‘ಆಯೆ’ (ಅವನು), ‘ಆಳ್’ (ಅವಳು) ಬೇರೆ ಬೇರೆ ಅಲ್ವಾ? ‘ಅವಳು’ ಅನ್ನುವಷ್ಟು ಸಲುಗೆ ಇಲ್ಲದವರು ‘ಅವರು’, ತುಳುವಿನಲ್ಲಾದರೆ ‘ಆರ್’ ಅನ್ನಿ. ‘ಅಕ್ಕ’ ಅಂದರೆ ಅವರಿಗೆ ಖುಷಿ.

ಬಾಯಿ ತಪ್ಪಿದರೆ ‘ಸಾರಿ’ ಎಂದು ತಿದ್ದಿಕೊಂಡು ಮಾತು ಮುಂದುವರಿಸಿ. ಹತ್ತು ನಿಮಿಷ ಕ್ಷಮೆ ಕೇಳಿದರೆ ಅವರೇ ನಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ! ಹಳೇ ಹೆಸರು, ಆಪರೇಷನ್ ವಿಚಾರ ಸುಮ್ನೆ ಕೆದಕಬೇಡಿ.

‘ಆಧಾರ್‌ನಲ್ಲಿ ಏನಿದೆ?’ ಎಂದು ಕೇಳಿದವರಿಗೆ: ತಾನು ಗಂಡೋ ಹೆಣ್ಣೋ ತೃತೀಯ ಲಿಂಗಿಯೋ ಎಂದು ಹೇಳುವ ಹಕ್ಕು ಅವರವರದೇ ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ.

ಭಾನುವಾರ ಬೆಳಿಗ್ಗೆ 6ಕ್ಕೆ ಗೇಟಿನ ಹತ್ತಿರ ಸಿಗೋಣ. ಅಕ್ಕ ನೀರುದೋಸೆ ತರುತ್ತಾರಂತೆ.