ರಸ್ತೆಯ ಕಾರಿಗೆ ಟೈಟಾನಿಯಂ ರಾಡ್ ಬೇಕಿಲ್ಲ

ಮಾನ್ಯ ಸಂಪಾದಕರೇ,

ಕಾರಿನ ಇಂಜಿನ್ ಬಲ ಹೆಚ್ಚಿಸುವ ಬಗ್ಗೆ ಬರುವ ಬರಹಗಳಲ್ಲಿ ಟರ್ಬೊ, ಪಿಸ್ಟನ್, ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಟ್ಯೂನಿಂಗ್‌ಗೆ ಸಿಗುವಷ್ಟು ಜಾಗ, ಪಿಸ್ಟನ್ನನ್ನು ಕ್ರ್ಯಾಂಕ್ ಎಂಬ ತಿರುಗುವ ದಂಡಕ್ಕೆ ಜೋಡಿಸುವ ಕನೆಕ್ಟಿಂಗ್ ರಾಡ್‌ಗೆ ಸಿಗುವುದಿಲ್ಲ. ಸಿಕ್ಕರೂ 'ಟೈಟಾನಿಯಂ ಹಾಕಿಸಿ, ಹಗುರ, ಗಟ್ಟಿ' ಎಂಬಲ್ಲಿಗೆ ಮಾತು ಮುಗಿಯುತ್ತದೆ. ದಿನವೂ ಓಡಾಡುವ ಕಾರಿಗೆ ಇದು ತಪ್ಪು ಸಲಹೆ.

ಟರ್ಬೊ ಒತ್ತಡ ಅತಿಯಾದರೆ ರಾಡ್ ಬಾಗುತ್ತದೆ, ನಿಜ. ಆದರೆ ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಏರಿಸಿದಾಗ ಅದು ತುಂಡಾಗುವುದು ಎಳೆತದಿಂದ. ಸುಟ್ಟ ಅನಿಲವನ್ನು ಹೊರದಬ್ಬುವ ಎಕ್ಸಾಸ್ಟ್ ಸ್ಟ್ರೋಕ್‌ನ ತುದಿಯಲ್ಲಿ ಮೇಲಕ್ಕೆ ನುಗ್ಗುವ ಪಿಸ್ಟನ್ನನ್ನು ತಡೆಯಲು ಅನಿಲದ ಒತ್ತಡವೇ ಇರುವುದಿಲ್ಲ. ರಾಡ್ ಒಂದೇ ಅದನ್ನು ಹಿಡಿದೆಳೆಯಬೇಕು. 86 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ), 143 ಮಿ.ಮೀ. ರಾಡ್, ಪಿಸ್ಟನ್ ಮತ್ತು ಪಿನ್ ಸೇರಿ ಅರ್ಧ ಕಿಲೋ ಎಂದಿಟ್ಟುಕೊಳ್ಳಿ. 6,000 ಆರ್‌ಪಿಎಂನಲ್ಲಿ ಈ ಎಳೆತ ಸುಮಾರು 1,100 ಕಿಲೋ ಭಾರಕ್ಕೆ ಸಮ. 7,500ಕ್ಕೆ ಹೋದರೆ ಸುಮಾರು 1,750 ಕಿಲೋ. ವೇಗ ಕಾಲುಭಾಗ ಹೆಚ್ಚಿದರೆ ಎಳೆತ ಅರ್ಧಕ್ಕಿಂತ ಜಾಸ್ತಿ ಏರುತ್ತದೆ.

ಕಂಪನಿಯ ಮೂಲ ರಾಡ್ ತನ್ನ ಮಿತಿಯೊಳಗೆ ಚೆನ್ನಾಗಿಯೇ ಬಾಳುತ್ತದೆ. ಕ್ರ್ಯಾಂಕ್ ಅನ್ನು ತಬ್ಬುವ ಅದರ ಕೆಳತುದಿಯ ಅರ್ಧ ಭಾಗವಾದ ಕ್ಯಾಪ್ ಅನ್ನು ಸೀಳಿ ಬೇರ್ಪಡಿಸಿ ಮಾಡಿದ್ದರೆ, ಬಿಚ್ಚಿದಾಗ ಒಂದರ ಕ್ಯಾಪ್ ಇನ್ನೊಂದಕ್ಕೆ ಹಾಕಲೇಬಾರದು. ಸೀಳಿದ ಮುಖ ತನ್ನ ಜೋಡಿಗಷ್ಟೇ ಕೂರುತ್ತದೆ.

ಮಿತಿ ದಾಟುವವರಿಗೆ ನಮ್ಮ ಆಯ್ಕೆ ಫೋರ್ಜ್ ಮಾಡಿದ (ಬಿಸಿಯಲ್ಲಿ ಒತ್ತಿ ರೂಪಿಸಿದ) 4340 ದರ್ಜೆಯ ಉಕ್ಕು. ನಿಕ್ಕಲ್, ಕ್ರೋಮಿಯಂ, ಮಾಲಿಬ್ಡಿನಂ ಸೇರಿದ ಈ ಉಕ್ಕಿಗೆ ಒಂದು ದಣಿವಿನ ಮಿತಿಯಿದೆ. ಅದರ ಕೆಳಗೆ ಕೋಟಿಗಟ್ಟಲೆ ಸಲ ಎಳೆದರೂ ಬಿರುಕು ಹುಟ್ಟುವುದಿಲ್ಲ. ಅಲ್ಯೂಮಿನಿಯಂಗೆ ಅಂಥ ಮಿತಿಯೇ ಇಲ್ಲ. ಎಳೆದಷ್ಟೂ ಆಯುಷ್ಯ ಕರಗುತ್ತದೆ, ಬಿಸಿಗೆ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಚಿಕ್ಕ ನೇರ ಓಟದ ಡ್ರ್ಯಾಗ್ ರೇಸ್‌ನವರು ಆಗಾಗ ಬದಲಿಸುತ್ತಾರೆ, ಅವರಿಗದು ಸರಿ. ಟೈಟಾನಿಯಂನ ತೂಕ ಉಕ್ಕಿನ ನೂರಕ್ಕೆ 56ರಷ್ಟು, ಆದರೆ ಆಕಾರ ಬದಲಾಗದಂತೆ ತಡೆಯುವ ಬಿಗುವೂ ಉಕ್ಕಿನ ಹೆಚ್ಚುಕಡಿಮೆ ಅಷ್ಟೇ ಪಾಲು. ಎಳೆತಕ್ಕೆ ಬಿಗ್ ಎಂಡ್ (ಕ್ರ್ಯಾಂಕ್ ಕಡೆಯ ದೊಡ್ಡ ರಂಧ್ರದ ತುದಿ) ಮೊಟ್ಟೆಯಾಕಾರವಾಗಿ ಬೇರಿಂಗ್ ಅನ್ನು ಹಿಂಡದಿರಲು ಅಲ್ಲಿ ಲೋಹ ಹೆಚ್ಚಿಸಬೇಕು, ಉಳಿಸಿದ ತೂಕದಲ್ಲಿ ಒಂದಿಷ್ಟು ಮರಳಿ ಬರುತ್ತದೆ. ಜೊತೆಗೆ ಅದರ ಪಕ್ಕದ ಮುಖ ಕ್ರ್ಯಾಂಕ್‌ಗೆ ಉಜ್ಜಿದರೆ ಕಚ್ಚಿಕೊಳ್ಳುತ್ತದೆ. ಅದನ್ನು ತಡೆಯಲು ಕೊಡುವ ಲೇಪನ ಸವೆಯುವವರೆಗೆ ಮಾತ್ರ ರಕ್ಷಣೆ. 1990ರ ಹೋಂಡಾ ಎನ್‌ಎಸ್‌ಎಕ್ಸ್ ಟೈಟಾನಿಯಂ ರಾಡ್‌ನಲ್ಲೇ ಓಡಿತು. ಆದರೆ ಆ ರಾಡ್ ಅನ್ನು ಕಂಪನಿಯೇ ಆ ಇಂಜಿನ್ನಿಗೆಂದು ರೂಪಿಸಿತ್ತು.

ಲೋಹಕ್ಕೆ ಕೊಡುವ ಗಮನದ ಅರ್ಧವನ್ನಾದರೂ ಕ್ಯಾಪ್ ಹಿಡಿಯುವ ಬೋಲ್ಟ್‌ಗೆ ಕೊಡಿ. ತಿರುಚುವ ಬಲ ತೋರಿಸುವ ಟಾರ್ಕ್ ರೆಂಚ್‌ನ ಅಂಕಿಯನ್ನಷ್ಟೇ ನಂಬಬೇಡಿ. ಬಿಗಿಸುವ ಬಲದ ಬಹುಪಾಲನ್ನು ಘರ್ಷಣೆಯೇ ತಿನ್ನುತ್ತದೆ, ಎಣ್ಣೆ ಬದಲಾದರೆ ಬಿಗಿತವೂ ಬದಲಾಗುತ್ತದೆ. ಬಿಗಿಸುವ ಮುನ್ನ ಬೋಲ್ಟ್‌ನ ಉದ್ದ ಅಳೆದು ಬರೆದಿಡಿ. ತಯಾರಕರು ಹೇಳಿದಷ್ಟು ಹಿಗ್ಗುವವರೆಗೆ ಬಿಗಿಸಿ. ಹಲವು ಬೋಲ್ಟ್‌ಗಳಲ್ಲಿ ಅದು 0.15 ಮಿ.ಮೀ. ಆಸುಪಾಸು. ಮುಂದೆಂದಾದರೂ ಬಿಚ್ಚಿದಾಗ ಮೊದಲಿಗಿಂತ 0.025 ಮಿ.ಮೀ. ಉದ್ದವಾಗಿದ್ದರೆ ಎಸೆಯಿರಿ. ಸಡಿಲ ಬೋಲ್ಟ್ ಇನ್ನೂ ಅಪಾಯ: ಪ್ರತಿ ಎಳೆತಕ್ಕೂ ಕ್ಯಾಪ್ ಬಾಯಿ ತೆರೆಯುತ್ತದೆ, ಪೂರ್ತಿ ಭಾರ ಬೋಲ್ಟ್ ಮೇಲೆ ಬಿದ್ದು ಅದು ದಣಿದು ತುಂಡಾಗುತ್ತದೆ, ರಾಡ್ ಇಂಜಿನ್ನಿನ ಬ್ಲಾಕ್ ಒಡೆದು ಹೊರಬರುತ್ತದೆ.

ಹಳೆ ರಾಡ್‌ಗೆ ಹೊಸ ಗಟ್ಟಿ ಬೋಲ್ಟ್ ಹಾಕಿ ಸುಮ್ಮನಾಗುವವರೇ ಹೆಚ್ಚು. ಬಿಗಿತ ಬದಲಾದರೆ ಬಿಗ್ ಎಂಡ್ ರಂಧ್ರದ ದುಂಡುತನವೂ ಬದಲಾಗುತ್ತದೆ. ಹೊಸ ಬೋಲ್ಟ್ ಬಿಗಿಸಿಯೇ ಬಿಗ್ ಎಂಡ್ ಅನ್ನು ಮತ್ತೆ ಹೋನ್ ಮಾಡಿಸಬೇಕು (ಉಜ್ಜಿ ದುಂಡಗೆ ಮಾಡಿಸಬೇಕು). ಆಮೇಲೆ ಬೇರಿಂಗ್ ಸಂದು ಅಳೆಯಿರಿ: 50 ಮಿ.ಮೀ. ಜರ್ನಲ್‌ಗೆ (ರಾಡ್ ಕೂರುವ ಕ್ರ್ಯಾಂಕ್‌ನ ದುಂಡು ಭಾಗ) 0.05 ಮಿ.ಮೀ. ಇದ್ದರೆ ಸಾಕು. ಅಡ್ಡ ಕತ್ತರಿಸಿದರೆ ಎಚ್ ಅಕ್ಷರದಂತೆ ಕಾಣುವ ಎಚ್-ಬೀಮ್ ರಾಡ್‌ನ ಭುಜ ದಪ್ಪ. ಹಾಗಾಗಿ ಸಂಪ್ (ಇಂಜಿನ್ ಅಡಿಯ ಎಣ್ಣೆ ತೊಟ್ಟಿ) ಮುಚ್ಚುವ ಮುನ್ನ ಕ್ರ್ಯಾಂಕ್ ಅನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಬ್ಲಾಕ್‌ಗೆ ಎಲ್ಲಾದರೂ ತಾಗುತ್ತದೆಯೇ ನೋಡಿ.

ಇಂತಿ,
ಇಂಜಿನ್ ಕೆಲಸದವರು