ಎದ್ದು ಹೋಗದವರಿಗೆ

ಆಪ್ತಸಮಾಲೋಚನೆಯ ಕೊನೆಯ ಭೇಟಿ ಕಳೆದ ವಾರ ಮುಗಿಯಿತು. ಇನ್ನು ಬೇಕೆನಿಸಿದರೆ ಮಾತ್ರ ಬನ್ನಿ ಎಂದು ಹೇಳಿ ಕಳುಹಿಸಿದ್ದಾರೆ. ಮಾತ್ರೆಯನ್ನು ಇನ್ನೂ ಕೆಲವು ತಿಂಗಳು ಮುಂದುವರಿಸಬೇಕಿದೆ. ಯಾವ ಯಾವ ಪರೀಕ್ಷೆಗಳಾದವು ಎಂಬುದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದರಿಂದ ಆ ಕಥೆಯನ್ನು ಮತ್ತೆ ತೆಗೆಯುವುದಿಲ್ಲ. ಗೊತ್ತಿಲ್ಲದವರಿಗೆ ಇಷ್ಟು ಸಾಕು: ಎಡಗಾಲಿನ ಮೀನಖಂಡ ಬಿಟ್ಟೂ ಬಿಡದೆ ಅದುರತೊಡಗಿದಾಗ ಕೈಕಾಲು, ನಾಲಿಗೆ, ಉಸಿರಾಟದ ಸ್ನಾಯುಗಳ ಬಲವನ್ನು ಕ್ರಮೇಣ ಕಸಿಯುವ ಎ.ಎಲ್.ಎಸ್. ಎಂಬ ನರರೋಗ ಶುರುವಾಗಿದೆ ಎಂಬ ಭಯ ನನ್ನೊಳಗೆ ಹೊಕ್ಕಿತು. ಆ ರೋಗ ನನಗಿಲ್ಲ. ಚಿಕಿತ್ಸೆ ಬೇಕಾದದ್ದು ಭಯಕ್ಕೆ.

ನರರೋಗ ತಜ್ಞರಿಗೆ ಮೊದಲ ನಮಸ್ಕಾರ. ಸೂಜಿ ಚುಚ್ಚಿ ಮಾಂಸಖಂಡದ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇ.ಎಂ.ಜಿ. ಪರೀಕ್ಷೆಯಲ್ಲಿ ಯಾವ ದೋಷವೂ ಕಾಣದಿದ್ದಾಗ ಅವರು ವರದಿಯನ್ನು ಕೈಗಿತ್ತು ಕಳುಹಿಸಿಬಿಡಬಹುದಿತ್ತು. ಹಾಗೆ ಮಾಡದೆ, ಈ ರೋಗದಲ್ಲಿ ಸಾಮಾನ್ಯವಾಗಿ ಮೊದಲು ಕಾಣಿಸುವುದು ಬಲಹೀನತೆ, ಅಂದರೆ ಪಾದ ಎತ್ತಲಾಗದೆ ಎಡವುವುದು, ಅಂಗಿಯ ಗುಂಡಿ ಹಾಕಲು ಬೆರಳು ಸೋಲುವುದು ಎಂದೂ, ಬಲವೂ ಪರೀಕ್ಷೆಗಳೂ ಸರಿಯಿದ್ದು ಬರೀ ಅದುರು ಮಾತ್ರ ಇದ್ದರೆ ಹೆದರಬೇಕಾದ್ದಿಲ್ಲವೆಂದೂ ಬಿಡಿಸಿ ಹೇಳಿದರು. ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯರು ಹೀಗೆ ಅದುರುವ 121 ಜನರನ್ನು ವರ್ಷಗಟ್ಟಲೆ ಗಮನಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಬ್ಬರಿಗೂ ಆ ರೋಗ ಬಂದಿರಲಿಲ್ಲವೆಂಬುದನ್ನೂ ತಿಳಿಸಿದರು. ಆ ನೆಮ್ಮದಿ ಆಸ್ಪತ್ರೆಯ ಗೇಟಿನಿಂದ ಬಸ್ ನಿಲ್ದಾಣದವರೆಗೆ ಬಾಳಿತು. ಬಸ್ಸು ಹತ್ತುವಷ್ಟರಲ್ಲಿ ನಾನೇ 122ನೆಯವನಾದರೆ ಎಂಬ ಪ್ರಶ್ನೆ ಎದ್ದಿತ್ತು. ಈ ವಯಸ್ಸಿನಲ್ಲಿ ಇದು ಅಪರೂಪ ಎಂದು ಯಾರಾದರೂ ಹೇಳಿದರೆ, 1963ರಲ್ಲಿ ರೋಗ ಪತ್ತೆಯಾದಾಗ ಸ್ಟೀಫನ್ ಹಾಕಿಂಗ್‌ಗೆ 21 ವರ್ಷ ಎಂದು ಮನಸ್ಸು ತಟ್ಟನೆ ಉತ್ತರ ಕೊಡುತ್ತಿತ್ತು. ಹತ್ತನೆಯ ತರಗತಿಗೆ ಸಂಭವನೀಯತೆಯ ಪಾಠ ಮಾಡುವ ಮೇಷ್ಟರ ಅವಸ್ಥೆ ಇದು.

ಗಂಡಸರಿಗೆ ಬಲಗಣ್ಣು ಅದುರಿದರೆ ಶುಭ ಎನ್ನುವ ಅಮ್ಮನಿಗೆ, ಮೀನಖಂಡ ಅದುರಿದರೆ ಏನು ಫಲವೆಂಬುದು ಮಾತ್ರ ತಿಳಿದಿರಲಿಲ್ಲ. ಆದರೂ ನಾನು ಹಿಮ್ಮಡಿಯ ಮೇಲೆ ನಡೆದು ತೋರಿಸಿದಾಗಲೆಲ್ಲ, ಹೊಲಿಗೆಯ ಟೇಪು ಹಿಡಿದು ಎರಡೂ ಕಾಲುಗಳ ಸುತ್ತಳತೆ ನೋಡಿಕೊಂಡಾಗಲೆಲ್ಲ, ಕನ್ನಡಿಯ ಮುಂದೆ ನಾಲಿಗೆ ಚಾಚಿ ನಿಂತಾಗಲೆಲ್ಲ, "ಏನೂ ಆಗಿಲ್ಲ ಮಗ" ಎಂದು ಸಮಾಧಾನ ಹೇಳುತ್ತಿದ್ದರು. ಮನೆಯವರೆಲ್ಲರೂ ಹೇಳುತ್ತಿದ್ದದ್ದು ಅದನ್ನೇ.

ಆದರೆ ಅತ್ತಿಗೆಯವರ ವಿಷಯವನ್ನು ಒಂದು ಸಾಲಿನಲ್ಲಿ ಮುಗಿಸಲಾರೆ.

ಸಂಕ್ರಾಂತಿಗೆ ಮುಂಚಿನ ಒಂದು ರಾತ್ರಿ. ಅಮ್ಮ ಊರಿಗೆ ಹೋಗಿದ್ದರು, ಅಣ್ಣ ಕೆಲಸದ ಮೇಲೆ ಹುಬ್ಬಳ್ಳಿಯಲ್ಲಿದ್ದ. ನಾಲಿಗೆ ದಪ್ಪವಾದಂತೆ, ಮಾತು ತೊದಲಿದಂತೆ, ರೋಗ ಗಂಟಲಿಗೆ ಏರಿದಂತೆ ಅನಿಸಿ, ರಾತ್ರಿ ಒಂದು ಗಂಟೆ ದಾಟಿದ ಮೇಲೆ ಅತ್ತಿಗೆಯನ್ನು ಎಬ್ಬಿಸಿದೆ. ಟ್ಯೂಬ್‌ಲೈಟಿನ ಕೆಳಗೆ ಕಾಲು ಚಾಚಿ, ಚರ್ಮದಡಿ ಹುಳ ಹರಿದಂತೆ ಕಾಣುತ್ತಿದ್ದ ಅದುರನ್ನು ನೋಡಿ ಎಂದೆ. ಅವರು ನೋಡಲಿಲ್ಲ. "ನಾನು ನೋಡಲ್ಲಪ್ಪ. ನೋಡಿ ಏನೂ ಇಲ್ಲ ಅಂದ್ರೆ ಇನ್ನರ್ಧ ಗಂಟೆಗೆ ಮತ್ತೆ ಕರೀತೀಯ. ಆದ್ರೆ ಎದ್ದೂ ಹೋಗಲ್ಲ, ಇಲ್ಲೇ ಕೂತಿರ್ತೀನಿ" ಎಂದರು. ಬೆಳಿಗ್ಗೆಗೆಂದು ನೆನೆಹಾಕಿದ್ದ ಅವರೆಕಾಳಿನ ಪಾತ್ರೆಯನ್ನು ಅಡುಗೆಮನೆಯಿಂದ ತಂದು ನಡುವೆ ಇಟ್ಟು, ನನ್ನ ಮುಂದೊಂದು ಖಾಲಿ ಬಟ್ಟಲು ಸರಿಸಿ, ತಾವು ಹಿತಕಲು ಶುರುಮಾಡಿದರು. ಆ ಕ್ಷಣ ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಸುಮ್ಮನೆ ಕೂರಲಾರದೆ ನಾನೂ ಕೈ ಹಾಕಿದೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಕಾಳನ್ನು ಒತ್ತಿದರೆ ಬೇಳೆ ಚಿಮ್ಮಿ ಬಟ್ಟಲಿಗೆ ಬೀಳುತ್ತದೆ, ಲೋಳೆಯಾದ ಸಿಪ್ಪೆ ಬೆರಳಿಗಂಟಿ ಉಳಿಯುತ್ತದೆ. ಕಾಳು ಹಿತಕುತ್ತಲೇ ಅತ್ತೆ. ಕೈಕಾಲು ಬಿದ್ದುಹೋದರೆ ಬಾಯಿಗೆ ತುತ್ತಿಡುವವರು ಯಾರು, ಅಮ್ಮನ ಕಣ್ಣೆದುರು ನಾನು ಉಸಿರಿಗೆ ಒದ್ದಾಡಬೇಕೆ ಎಂದೆಲ್ಲ ಆಡಿದೆ. ಆಡಿದ ಇನ್ನು ಕೆಲವು ಮಾತುಗಳನ್ನು ಇಲ್ಲಿ ಬರೆಯಲಾರೆ. ಅವನ್ನು ಕೇಳಿಸಿಕೊಂಡ ಅತ್ತಿಗೆ ಕೈ ನಿಲ್ಲಿಸಿ, ಜೀವಕ್ಕೆ ಏನಾದರೂ ಮಾಡಿಕೊಳ್ಳುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿದರು. ಹಾಗೆ ಕೇಳುವ ಧೈರ್ಯ ಅದುವರೆಗೆ ಯಾರೂ ಮಾಡಿರಲಿಲ್ಲ. ಇದೆ ಎಂದೆ. ಅವರು ಗಾಬರಿಯಾಗಲಿಲ್ಲ, ಬುದ್ಧಿ ಹೇಳಲೂ ಇಲ್ಲ. ಕೈ ಒರೆಸಿಕೊಂಡು, ಫೋನ್ ಎತ್ತಿ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಿ ನನ್ನ ಕೈಗೆ ಕೊಟ್ಟರು. ಅತ್ತ ಕಡೆಯಿಂದ ಕನ್ನಡದಲ್ಲೇ ಸಾವಧಾನವಾಗಿ ಮಾತನಾಡಿ, ಮನೋವೈದ್ಯರನ್ನು ಕಾಣುವ ದಾರಿ ತೋರಿಸಿದ ಆ ಅಪರಿಚಿತ ದನಿಗೂ ನಾನು ಋಣಿ. ಬೆಳಗಿನ ಹಾಲಿನವನು ಬರುವವರೆಗೆ ಅತ್ತಿಗೆ ಕುಳಿತಲ್ಲಿಂದ ಕದಲಲಿಲ್ಲ.

ಮುಂದೆ ಆಪ್ತಸಮಾಲೋಚಕರು, ಭರವಸೆಯ ಪ್ರತಿ ಮಾತೂ ಆತಂಕವನ್ನು ಒಂದಿಷ್ಟು ಹೊತ್ತು ತಗ್ಗಿಸಿ, ಮತ್ತೊಮ್ಮೆ ಕೇಳುವ ಚಟವನ್ನು ಬಲಗೊಳಿಸುತ್ತದೆ ಎಂದು ವಿವರಿಸಿ, ಪರೀಕ್ಷಿಸಿಕೊಳ್ಳುವುದನ್ನು ಸ್ವಲ್ಪ ಸ್ವಲ್ಪವೇ ಮುಂದೂಡುವ ಅಭ್ಯಾಸ ಮಾಡಿಸಿದರು. ಅತ್ತಿಗೆ ಇದನ್ನು ಯಾವ ತರಬೇತಿಯೂ ಇಲ್ಲದೆ ಮಾಡಿದ್ದರು. ಹೆಬ್ಬೆರಳಿನ ಬುಡದ ಮಾಂಸ ಕರಗುತ್ತಿದೆಯೆಂದು ದಿನವೂ ಅಳೆಯುತ್ತಿದ್ದವನು ಅದೇ ಬೆರಳುಗಳಿಂದ ರಾತ್ರಿಯಿಡೀ ಕಾಳು ಹಿತಕಿದ್ದನ್ನು ಅವರು ಅಂದೂ ಎತ್ತಿ ಆಡಲಿಲ್ಲ, ಇಂದಿಗೂ ಆಡಿಲ್ಲ.

ನನ್ನ ತರಗತಿಗಳನ್ನು ಹಂಚಿಕೊಂಡ ಸಹೋದ್ಯೋಗಿಗಳಿಗೆ, ರಜೆಯ ಅರ್ಜಿಗೆ ಕಾರಣ ಕೇಳದ ಮುಖ್ಯೋಪಾಧ್ಯಾಯರಿಗೆ, ನನ್ನ ಫೋನಿನಿಂದ ಹುಡುಕಾಟದ ಆ್ಯಪ್‌ಗಳನ್ನೆಲ್ಲ ತೆಗೆದುಹಾಕಿದ ಗೆಳೆಯನಿಗೆ, ಹುಬ್ಬಳ್ಳಿಯಿಂದ ಮೊದಲ ಬಸ್ಸಿಗೆ ಓಡಿ ಬಂದ ಅಣ್ಣನಿಗೆ, ಹರಕೆ ಹೊತ್ತ ಅಮ್ಮನಿಗೆ ಧನ್ಯವಾದಗಳು.

ಮೀನಖಂಡ ಈಗಲೂ ಅದುರುತ್ತದೆ, ಈ ಬರಹದ ನಡುವೆಯೂ ಅದುರಿತು. ಎಷ್ಟೋ ದಿನ ಅದರತ್ತ ಗಮನ ಹೋಗುವುದಿಲ್ಲ, ಕೆಲವು ದಿನ ಹೋಗುತ್ತದೆ. ಎದುರು ಸಿಕ್ಕಾಗ ದಯವಿಟ್ಟು "ಕಾಲು ಹೇಗಿದೆ?" ಎಂದು ಮಾತ್ರ ಕೇಳಬೇಡಿ. ಶಾಲೆಯ ವಿಷಯ ಕೇಳಿ, ಮಳೆಯ ವಿಷಯ ಕೇಳಿ, ಕಾಫಿಗೆ ಕರೆಯಿರಿ, ಖಂಡಿತ ಬರುತ್ತೇನೆ.